ಬೇಸಿಗೆಗೆ ಮುನ್ನ ಹಿತ್ತಲಿಗೊಂದು ಬೆಂಕಿ ರೇಖೆ

ಬಣವೆಗೆ ಕಿಡಿ ಬಿದ್ದರೆ ದನಗಳ ವರ್ಷದ ಮೇವು ಗಳಿಗೆಯಲ್ಲಿ ಬೂದಿ. ಬೆಂಕಿಗೆ ಉರುವಲು, ಶಾಖ, ಆಮ್ಲಜನಕ ಮೂರೂ ಬೇಕು. ಒಂದನ್ನು ತಪ್ಪಿಸಿದರೂ ಅದು ಉರಿಯದು. ಕಲಘಟಗಿ ಕಡೆಯ ತೇಗದ ಕಾಡಿನಲ್ಲಿ ಅರಣ್ಯ ಇಲಾಖೆ ಬೇಸಿಗೆಗೆ ಮುನ್ನ ತರಗೆಲೆ ತೆಗೆದು ‘ಬೆಂಕಿ ರೇಖೆ’ ಮಾಡುವುದು ಇದಕ್ಕಾಗಿಯೇ.

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಬಯಲಿನಲ್ಲಿ ಕಾಡಿಲ್ಲ. ಆದರೆ ಹಿತ್ತಲಲ್ಲಿ ಜೋಳದ ಕಣಕಿ, ಕಡಲೆ ಹೊಟ್ಟು ಇವೆ. ಬಣವೆಯನ್ನು ಮನೆ, ಕೊಟ್ಟಿಗೆ, ವಿದ್ಯುತ್ ತಂತಿಗಳಿಂದ ದೂರ ಒಟ್ಟಿ, ಸುತ್ತಲೂ ಬರಿಮಣ್ಣು ಕಾಣುವಂತೆ ಕಸ ಕೆತ್ತಬೇಕು. ಆ ಕಸವನ್ನು ಸುಡದೆ ತಿಪ್ಪೆಗೆ ಹಾಕಿದರೆ ಗೊಬ್ಬರವಾದೀತು. ಹೋಳಿಯಲ್ಲಿ ಕಾಮನ ಬೆಂಕಿ ಮನೆಗೆ ತರುವವರು ಬಣವೆಯ ಹತ್ತಿರ ಹಾಯದಿರಲಿ.

ಅನಾಹುತವಾದರೆ 112ಕ್ಕೆ ಕರೆ ಮಾಡಿ. ಅಗ್ನಿಶಾಮಕ ವಾಹನ ಬರುವವರೆಗೆ ಮನೆ ಕಾಯುವುದು ಆ ಬರಿಮಣ್ಣಿನ ಪಟ್ಟಿಯೇ.