ನಿಮಗಿದು ಗೊತ್ತೆ? ವೆಬ್‌ಮೇಲ್‌ಗೂ ಹೊಸ ರೂಪ ಕೊಡಬಹುದು

ಬ್ರೌಸರ್‌ನಲ್ಲೇ ಇಮೇಲ್ ಓದಿ ಬರೆಯಲು ನೆರವಾಗುವ ಮುಕ್ತ ತಂತ್ರಾಂಶ ರೌಂಡ್‌ಕ್ಯೂಬ್‌ನಲ್ಲಿ ಬಣ್ಣ, ಅಕ್ಷರ, ಗುಂಡಿಗಳ ಜೋಡಣೆಯನ್ನು ನಿರ್ಧರಿಸುವ ಕಡತಗಳ ಗುಚ್ಛಕ್ಕೆ ‘ಸ್ಕಿನ್’ ಎಂದು ಹೆಸರು. 2019ರಲ್ಲಿ 1.4ನೇ ಆವೃತ್ತಿಯೊಂದಿಗೆ ಬಂದ ‘ಇಲಾಸ್ಟಿಕ್’ ಸ್ಕಿನ್ ಮೊಬೈಲ್ ಪರದೆಗೂ ತಾನಾಗಿ ಹೊಂದಿಕೊಳ್ಳುತ್ತದೆ. ಹೊಸ ಸ್ಕಿನ್ ರೂಪಿಸುವವರು ಎಲ್ಲವನ್ನೂ ಮೊದಲಿನಿಂದ ಬರೆಯಬೇಕಿಲ್ಲ. ‘ಸ್ಕಿನ್ಸ್’ ಫೋಲ್ಡರಿನೊಳಗೆ ಇನ್ನೊಂದು ಫೋಲ್ಡರ್ ತೆರೆದು, ಅದರ ‘ಮೆಟಾ.ಜೇಸನ್’ ಕಡತದಲ್ಲಿ ‘ಎಕ್ಸ್‌ಟೆಂಡ್ಸ್’ ಎಂಬ ಸೂಚನೆಯ ಮುಂದೆ ಇಲಾಸ್ಟಿಕ್ ಹೆಸರನ್ನು ನಮೂದಿಸಿದರೆ, ತಾವು ಬದಲಿಸದ ಪುಟವಿನ್ಯಾಸಗಳೆಲ್ಲ ಮೂಲ ಸ್ಕಿನ್ನಿನಿಂದಲೇ ದೊರೆಯುತ್ತವೆ. ಮೂಲವನ್ನೇ ತಿದ್ದುವುದು ಸುಲಭವೆನಿಸಿದರೂ ಖಂಡಿತ ತರವಲ್ಲ, ಏಕೆಂದರೆ ಮುಂದಿನ ಆವೃತ್ತಿಯನ್ನು ಅಳವಡಿಸುವಾಗ ಆ ತಿದ್ದುಪಡಿಗಳು ಅಳಿಸಿಹೋಗಬಹುದು. ರೌಂಡ್‌ಕ್ಯೂಬ್ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಗೆ ಒಳಪಟ್ಟಿದ್ದರೂ, ರೌಂಡ್‌ಕ್ಯೂಬನ್ನು ಉಲ್ಲೇಖಿಸಿ ಬಳಸುವುದನ್ನಷ್ಟೇ ಮಾಡುವ ಸ್ಕಿನ್‌ಗಳನ್ನು ಮೂಲ ತಂತ್ರಾಂಶದ ಮಾರ್ಪಾಡೆಂದು ಪರಿಗಣಿಸುವುದಿಲ್ಲ ಎಂಬ ವಿನಾಯಿತಿ ಆ ಪರವಾನಗಿಯ ಜೊತೆಗಿದೆ.