ಹಿಮದ ಮೇಲಣ ತಿರುವು

ಯಾವ ವಿದ್ಯೆಯಲ್ಲಿಯೇ ಆಗಲಿ, ಹೊಸಬನಿಗೆ ಕಲಿಸುವುದು ಅಷ್ಟು ಕಷ್ಟವಲ್ಲ. ನಿಜವಾದ ತೊಡಕು ಇರುವುದು ನಡುದಾರಿಯಲ್ಲಿ ನಿಂತವನ ವಿಷಯದಲ್ಲಿ. ಬಿದ್ದೇಳುವ ಕಾಲ ಅವನಿಗೆ ಮುಗಿದಿರುತ್ತದೆ. ಹೇಗೋ ಕೆಳಗಿಳಿದು ಬರುವಷ್ಟು ಬಲ್ಲನಾಗಿರುತ್ತಾನೆ. ಆ ‘ಹೇಗೋ’ ಎಂಬುದೇ ಮುಂದಿನ ಕಲಿಕೆಗೆ ಅಡ್ಡಗೋಡೆಯಾಗುತ್ತದೆ. ಸ್ಕೀ ತೊಟ್ಟು ಹಿಮದ ಇಳಿಜಾರಿನಲ್ಲಿ ಜಾರುವ ಆಟದಲ್ಲಿ ಈ ಮಾತು ಕಣ್ಣಿಗೆ ಕಟ್ಟುವಂತೆ ತೋರುತ್ತದೆ. ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿರುವ ಕಾಶ್ಮೀರದ ಗುಲ್‌ಮರ್ಗದಲ್ಲಿ ಇಂಥ ನಡುದಾರಿಯವರಿಗೆ ಪಾಠ ಹೇಳುವ ಕೆಲಸ ಕೆಲವು ಚಳಿಗಾಲ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಕಂಡುಕೊಂಡ ಕೆಲವು ಸಂಗತಿಗಳನ್ನು ಅರಿಕೆ ಮಾಡುತ್ತೇನೆ.

ಹೊಸಬನಿಗೆ ಮೊದಲು ಹೇಳಿಕೊಡುವುದು ಬೆಣೆಯ ಭಂಗಿ. ಸ್ಕೀಗಳ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂದಿನ ತುದಿಗಳನ್ನು ಅಗಲಿಸಿದರೆ, ಹಿಮದಲ್ಲಿ ನೇಗಿಲು ಹೂಡಿದಂತಾಗಿ ವೇಗ ತಗ್ಗುತ್ತದೆ. ಮುಂದಿನ ಮೆಟ್ಟಿಲೇ ಸಮಾಂತರ ತಿರುವು. ಇಲ್ಲಿ ಎರಡು ಸ್ಕೀಗಳೂ ಆದಿಯಿಂದ ಅಂತ್ಯದವರೆಗೆ ಜೋಡೆತ್ತುಗಳಂತೆ ಒಂದೇ ದಿಕ್ಕಿಗೆ ಸಾಗಬೇಕು. ಬೆಣೆಯಿಂದ ಸಮಾಂತರಕ್ಕೆ ಹಂತಹಂತವಾಗಿ ಕರೆದೊಯ್ಯುವ ಪಾಠಕ್ರಮವನ್ನು ಬೆಳೆಸಿದವರಲ್ಲಿ ಮುಖ್ಯನಾದವನು ಆಸ್ಟ್ರಿಯದ ಆರ್ಲ್‌ಬರ್ಗ್ ಪ್ರಾಂತದ ಹಾನ್ನೆಸ್ ಷ್ನೈಡರ್. 1907ರಲ್ಲಿ ಸಾಂಕ್ಟ್ ಆಂಟನ್ ಎಂಬಲ್ಲಿ ಕಲಿಸತೊಡಗಿದ ಅವನು, ನಾಜಿಗಳ ಕಾಟದಿಂದ 1939ರಲ್ಲಿ ಅಮೆರಿಕ ಸೇರಬೇಕಾಯಿತು. ವಿದ್ಯೆ ಅವನೊಡನೆ ಕಡಲು ದಾಟಿತು.

ಸಮಾಂತರದ ಹೊಸ್ತಿಲಲ್ಲಿ ನಿಂತವನ ದೋಷ ಕಾಲಿನಲ್ಲಿದೆಯೆಂದು ನೋಡುವವರಿಗೆ ತೋರುತ್ತದೆ. ಅದರ ಬೇರಿರುವುದು ಭಯದಲ್ಲಿ. ಪ್ರತಿಯೊಂದು ತಿರುವಿನ ನಡುವೆಯೂ ಸ್ಕೀಗಳು ನೇರವಾಗಿ ಕಣಿವೆಯತ್ತ ಮೊಗಮಾಡುವ ಒಂದು ಗಳಿಗೆ ಉಂಟು. ಆಗ ವೇಗ ಏರುತ್ತದೆ. ಅದನ್ನು ಬೇಗ ದಾಟಿಬಿಡುವ ಆತುರದಲ್ಲಿ ಕಲಿಯುವವನು ಭುಜವನ್ನು ತಿರುಚಿ ಸ್ಕೀಗಳನ್ನು ಎಳೆಯುತ್ತಾನೆ. ಇಲ್ಲವೆ ಹಳೆಯ ಬೆಣೆಗೆ ಮರಳುತ್ತಾನೆ. ಮೈಯನ್ನು ಹಿಂದಕ್ಕೆ, ಬೆಟ್ಟದ ಮಗ್ಗುಲಿಗೆ ವಾಲಿಸುತ್ತಾನೆ. ಬೆಟ್ಟ ಆಸರೆಯಂತೆ ಕಾಣುವುದು ಸಹಜವೇ. ಆದರೆ ಹಿಂದೆ ವಾಲಿದೊಡನೆ ಸ್ಕೀಗಳ ಮುಂಭಾಗ ಹಗುರವಾಗಿ ಹಿಮವನ್ನು ಕಚ್ಚದಾಗುತ್ತದೆ. ಒಳಗೆ ವಾಲಿದರೆ ಹೊರಗಿನ ಸ್ಕೀ ಭಾರವಿಲ್ಲದೆ ಜಾರಿಹೋಗುತ್ತದೆ. ಮೊಣಕಾಲಿನ ಕಟ್ಟು ಹರಿಯುವ ಪೆಟ್ಟುಗಳಲ್ಲಿ ಹಲವು, ಹೀಗೆ ಹಿಂದಕ್ಕೆ ಕುಳಿತ ಭಂಗಿಯಲ್ಲೇ ಒದಗುತ್ತವೆ. ಕ್ಷೇಮವೆಂದು ನಂಬಿದ್ದೇ ಅಪಾಯವನ್ನು ತರುತ್ತದೆ.

ಸ್ಕೀಯ ರಚನೆಯಾದರೋ ತಿರುವಿಗೆ ಅನುಕೂಲವಾಗಿಯೇ ಇದೆ. ಅದರ ತುದಿಗಳು ಅಗಲ, ನಡು ಸಣ್ಣ. ಓರೆ ಮಾಡಿ ಅಂಚಿನ ಮೇಲೆ ಭಾರವಿಟ್ಟರೆ ಬಿಲ್ಲಿನಂತೆ ಬಾಗಿ, ಆ ಬಾಗಿನ ಹಾದಿಯಲ್ಲೇ ಸಾಗುತ್ತದೆ. 1990ರ ದಶಕದಿಂದೀಚೆಗೆ ಬಂದ ಸ್ಕೀಗಳು ಗಿಡ್ಡವಾಗಿ, ನಡು ಇನ್ನಷ್ಟು ಸಣ್ಣವಾಗಿ, ಈ ಗುಣ ಹೆಚ್ಚಿದೆ. ಭಾರ ಮಾತ್ರ ಹೊರಗಾಲಿನ ಮೇಲಿರಬೇಕು. ಎಡಕ್ಕೆ ತಿರುಗುವಾಗ ಬಲಗಾಲು, ಬಲಕ್ಕೆ ತಿರುಗುವಾಗ ಎಡಗಾಲು.

ಆದ್ದರಿಂದ ನನ್ನ ಮೊದಲ ಕೆಲಸ, ಶಿಷ್ಯನನ್ನು ಕಡಿದಾದ ಇಳಿಜಾರಿನಿಂದ ಸೌಮ್ಯವಾದುದಕ್ಕೆ ಕರೆತರುವುದಾಗಿತ್ತು. ಇದರಿಂದ ಅಭಿಮಾನಕ್ಕೆ ಕೊಂಚ ನೋವಾಗುತ್ತದೆ. ಆದರೆ ಹೆದರಿದ ಮೈಗೆ ಹೊಸತು ಹತ್ತುವುದಿಲ್ಲ. ಅಲ್ಲಿ ಅಡ್ಡಲಾಗಿ ನಿಂತು, ಅಂಚನ್ನು ಸಡಿಲಿಸಿ ಪಕ್ಕಕ್ಕೆ ಜಾರುವುದು, ಮತ್ತೆ ಅಂಚನ್ನು ಊರಿ ನಿಲ್ಲುವುದು ಮೊದಲ ಅಭ್ಯಾಸ. ಹಿಡಿತ ತನ್ನ ಕೈಯಲ್ಲಿ, ಅಲ್ಲ, ತನ್ನ ಕಾಲಿನಲ್ಲಿದೆಯೆಂದು ಅವನಿಗೆ ಮನವರಿಕೆಯಾಗುತ್ತದೆ. ಎರಡನೆಯದು, ತಿರುಗುತ್ತಿರುವಾಗಲೇ ಒಳಗಿನ ಸ್ಕೀಯ ಹಿಂತುದಿಯನ್ನು ಅಂಗುಲದಷ್ಟು ಎತ್ತುವುದು. ಹೊರಗಾಲನ್ನು ನಂಬದವನಿಗೆ ಇದು ಸಾಧ್ಯವೇ ಇಲ್ಲ. ಎತ್ತಿದನೆಂದರೆ ನಂಬಿದನೆಂದೇ ಅರ್ಥ. ಮೂರನೆಯದು, ತಿರುವನ್ನು ಒಂದು, ಎರಡು, ಮೂರು ಎಂದು ನಿಧಾನವಾಗಿ ಎಣಿಸುವುದು. ಒಂದು ಎನ್ನುವಾಗ ಸ್ಕೀಗಳು ತಾವಾಗಿ ಕಣಿವೆಯನ್ನು ಅರಸಲಿ. ಎರಡಕ್ಕೆ ಭಾರ ಕೂಡಲಿ. ಮೂರಕ್ಕೆ ಅವು ಇಳಿಜಾರಿಗೆ ಪೂರ್ತಿ ಅಡ್ಡವಾಗಲಿ. ವೇಗ ತಾನಾಗಿ ಇಳಿಯುತ್ತದೆ. ವೇಗವನ್ನು ಆಳುವುದು ತಡೆಯಲ್ಲ, ತಿರುವಿನ ದುಂಡುತನ ಎಂಬ ತಿಳಿವು ಬಂದರೆ ಬೆಣೆಯ ಆಸೆ ಬಿಡುತ್ತದೆ.

ಕೊನೆಗೆ ಶಿಷ್ಯನನ್ನು ನಿಲ್ಲಿಸಿ, ಬಂದ ದಾರಿಯತ್ತ ತಿರುಗಿ ನೋಡಲು ಹೇಳುತ್ತಿದ್ದೆ. ಹಿಮದಲ್ಲಿ ಅವನ ಗೆರೆಗಳು ಮೂಡಿರುತ್ತವೆ. ಮೊನಚಾದ ಮೂಲೆಗಳಿದ್ದಲ್ಲಿ ಹೆದರಿದ್ದಾನೆ, ದುಂಡಗಿದ್ದಲ್ಲಿ ಕಾದಿದ್ದಾನೆ. ಅದನ್ನು ತಾನೇ ಓದಬಲ್ಲವನಾದ ಮೇಲೆ, ನನ್ನ ಮಾತಿನ ಅಗತ್ಯ ಅವನಿಗೆ ದಿನದಿನಕ್ಕೆ ಕಡಿಮೆಯಾಗುತ್ತಿತ್ತು.