ಟೋಪಿ ಎತ್ತಿದ ರಾತ್ರಿ

ಹಲಕುಂದಿಯಲ್ಲಿ ಅಂಗಳಕ್ಕಿಂತ ಮೊದಲು ಮಾಳಿಗೆ ಗುಡಿಸುತ್ತಾರೆ. ನಸುಕಿನಲ್ಲೇ ಏಣಿ ಹತ್ತಿದ ಅಜ್ಜಿ ಸೆರಗನ್ನು ಮೂಗಿಗೆ ಬಿಗಿದುಕೊಂಡು, ಗಿಡ್ಡ ಕಸಬರಿಗೆ ಹಿಡಿದು ಒಂದು ಮೂಲೆಯಿಂದ ಎಳೆಯುತ್ತ ಬರುತ್ತಾಳೆ. ಕಸಬರಿಗೆ ಹಾದಲ್ಲಿ ಬೂದು ಪಟ್ಟೆ, ಹಾಯದಲ್ಲಿ ಕರಿ ಪಟ್ಟೆ. ಕೂಡಿಸಿ ಮೊರಕ್ಕೆ ತುಂಬಿದರೆ ಒಂದು ಹಿಡಿ, ಕೆಲವು ದಿನ ಎರಡು ಹಿಡಿ. ಕಾಡಿಗೆಗಿಂತ ಒರಟು, ಎಳ್ಳಿಗಿಂತ ಸಣ್ಣ. ಬಿಸಿಲಿಗೆ ಹಿಡಿದರೆ ಅಲ್ಲಲ್ಲಿ ಮಿಣುಕುತ್ತದೆ. ಮೊರವನ್ನು ಒಮ್ಮೆ ತೂಗಿ ನೋಡಿ ಆಕೆ ತೀರ್ಪು ಕೊಡುತ್ತಾಳೆ: “ರಾತ್ರಿ ಟೋಪಿ ಎತ್ಯಾರ.”

ಟೋಪಿ ಎಂದರೇನು ಎಂದು ತಿಳಿಯಲು ಊರಂಚಿನ ಕಾರ್ಖಾನೆಗಳ ಹೊಟ್ಟೆಯೊಳಗೆ ಇಣುಕಬೇಕು. ಬಳ್ಳಾರಿಯಿಂದ ಬೆಂಗಳೂರಿನ ಹಾದಿ ಹಿಡಿದರೆ ನಗರ ಮುಗಿಯುತ್ತಲೇ ಸಿಗುವ ಊರು ಹಲಕುಂದಿ. ಈ ಊರಿನ ಹೆಸರನ್ನು, ಬೆಳಗಲ್ಲು, ಜಾನೆಕುಂಟೆ, ವೇಣಿವೀರಾಪುರಗಳ ಹೆಸರನ್ನು ಮೆದು ಕಬ್ಬಿಣದ ಕಾರ್ಖಾನೆಗಳ ವಿಳಾಸದಲ್ಲಿ ಓದಬಹುದು. ಪತ್ರಿಕೆಯವರು ಮೆದು ಕಬ್ಬಿಣ ಎಂದು ಬರೆದರೂ ಊರಿನ ಬಾಯಲ್ಲಿ ಅದು ಸ್ಪಾಂಜ್. ಸ್ವಲ್ಪ ವಾಲಿಸಿ ಮಲಗಿಸಿದ ಉದ್ದನೆಯ ಉಕ್ಕಿನ ಕೊಳವೆ, ಅದೇ ಕಿಲ್ನ್, ಹಗಲು ರಾತ್ರಿ ನಿಧಾನವಾಗಿ ಉರುಳುತ್ತಿರುತ್ತದೆ. ಒಂದು ಟನ್ ಸ್ಪಾಂಜ್ ಬೇಕಿದ್ದರೆ ಸುಮಾರು ಒಂದೂವರೆ ಟನ್ ಅದಿರು, ಒಂದು ಟನ್ನಿಗೂ ಮಿಕ್ಕಿದ ಕಲ್ಲಿದ್ದಲು ಅದರ ಬಾಯಿಗೆ ಬೀಳಬೇಕು. ಒಳಗೆ 1,000 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಕಾವು. ಅದಿರು ಕರಗುವುದಿಲ್ಲ; ತನ್ನೊಳಗಿನ ಆಮ್ಲಜನಕವನ್ನು ಬಿಟ್ಟುಕೊಟ್ಟು ತೂತುತೂತಾಗಿ, ಹಗುರಾಗಿ ಹೊರಬರುತ್ತದೆ. ಸ್ಪಾಂಜ್ ಎಂಬ ಹೆಸರು ಅದಕ್ಕೇ.

ಕಬ್ಬಿಣ ಒಂದು ತುದಿಯಿಂದ ಹೊರಟರೆ ಹೊಗೆ ಇನ್ನೊಂದು ತುದಿಯಿಂದ ಹೊರಡುತ್ತದೆ. ಆ ಹೊಗೆ ಮೊದಲು ಒಂದು ಕೋಣೆಯಲ್ಲಿ ಮತ್ತೊಮ್ಮೆ ಉರಿದು, ತಂಪಾಗಿ, ಇಎಸ್‌ಪಿ ಎಂಬ ಯಂತ್ರದೊಳಗೆ ಹೋಗಬೇಕು. ಅಲ್ಲಿ ವಿದ್ಯುತ್ ಹರಿಯುವ ತಗಡುಗಳು ದೂಳನ್ನು ಎಳೆದು ಹಿಡಿಯುತ್ತವೆ. ಉಳಿದ ಗಾಳಿ ಚಿಮಣಿ ಹತ್ತುತ್ತದೆ. ಉರಿಯುವ ಕೋಣೆಯ ನೆತ್ತಿಯ ಮೇಲೊಂದು ಮುಚ್ಚಳ. ಕರೆಂಟು ಹೋಗಿ ಫ್ಯಾನು ನಿಂತಾಗ ಒಳಗಿನ ಒತ್ತಡಕ್ಕೆ ಕಿಲ್ನ್ ಸಿಡಿಯದಿರಲಿ ಎಂದು ಆಪತ್ಕಾಲಕ್ಕೆ ಇಟ್ಟದ್ದು. ಕೆಲಸಗಾರರು ಕ್ಯಾಪ್ ಅನ್ನುತ್ತಾರೆ. ಅಜ್ಜಿಗೆ ಅದು ಟೋಪಿ. ಬೇರೆ ಕಡೆ ಟೋಪಿ ಹಾಕಿದರೆ ಮೋಸ; ಇಲ್ಲಿ ಟೋಪಿ ತೆಗೆದರೆ ಮೋಸ. ಅದನ್ನು ಎತ್ತಿದರೆಂದರೆ ಹೊಗೆ ಇಎಸ್‌ಪಿಯ ಮುಖ ನೋಡದೆ ನೇರ ಆಕಾಶಕ್ಕೆ, ಆಕಾಶದಿಂದ ಮಾಳಿಗೆಗೆ.

ಬಳ್ಳಾರಿಗೆ ಬೇಸಿಗೆ, ಕಡು ಬೇಸಿಗೆ ಎಂದು ಎರಡೇ ಕಾಲ ಅಂತ ನಗುತ್ತಾರಲ್ಲ, ಆ ಕಡು ಬೇಸಿಗೆಯಲ್ಲಿ ಮಾಳಿಗೆಯೇ ಮಲಗುವ ಮನೆ. ಚಾಪೆ, ಕೌದಿ, ಒಂದು ತಂಬಿಗೆ ನೀರು, ಮಕ್ಕಳಿಗೆ ಚಿಕ್ಕೆ ಎಣಿಸುವ ಆಟ. ಈಗ ಅಲ್ಲಿ ಮಲಗಿ ಎದ್ದವರ ದಿಂಬಿನ ಮೇಲೆ ತಲೆ ಇದ್ದ ಜಾಗವಷ್ಟೇ ಬೆಳ್ಳಗೆ. ಹೀಗಾಗಿ ಕೆಳಗೆ, ಬಾಗಿಲು ಹಾಕಿಕೊಂಡು, ಫ್ಯಾನಿನ ಬಿಸಿಗಾಳಿಯಲ್ಲಿ ಹೊರಳಾಡುತ್ತಾರೆ. ಚಳಿಗಾಲದ್ದು ಬೇರೆಯೇ ಕತೆ. ನೆಲ ತಣ್ಣಗಾಗಿ, ಮೇಲಿನ ಗಾಳಿ ಬೆಚ್ಚಗುಳಿದಾಗ ಹೊಗೆ ಏರುವುದನ್ನು ಮರೆಯುತ್ತದೆ. ಹೊಲದ ಮೇಲೆ, ಬೇವಿನ ಮರದ ನಡುವಿನ ಮಟ್ಟಕ್ಕೆ, ನೀಲಿ ದುಪ್ಪಟಿಯಂತೆ ಹಾಸಿಕೊಂಡು ಬಿಸಿಲೇರುವ ತನಕ ಏಳುವುದಿಲ್ಲ. ಗಂಟಲಲ್ಲಿ ಗಂಧಕದ ಕೆರೆತ. ಮಳೆಗಾಲದ ಮೊದಲ ಮಳೆಗೆ ಮಾಳಿಗೆಯ ದೋಣಿಯಿಂದ ಸುರಿಯುವ ನೀರು ಚಹಾದ ಬಣ್ಣದ್ದು. ಅದಕ್ಕೆ ಯಾರೂ ಕೊಡ ಹಿಡಿಯುವುದಿಲ್ಲ.

ಹೊಲಕ್ಕೆ ಇಳಿದರೆ ಎರೆಮಣ್ಣು ಮೊದಲೇ ಕಪ್ಪು, ಅಲ್ಲಿ ದೂಳು ಕಾಣುವುದಿಲ್ಲ. ಕಾಣುವುದು ಹತ್ತಿಯ ಮೇಲೆ. ಬಿರಿದ ಕಾಯಿಯ ಬಿಳುಪಿಗೆ ಮಸಿಯ ಚುಕ್ಕೆ. ಹತ್ತಿ ಕೊಳ್ಳುವವನು ಮೊದಲು ನೋಡುವುದು ಬಣ್ಣವನ್ನೇ. ಬಿಡಿಸುವ ಹೆಂಗಸರ ಬೆರಳು ಸಂಜೆಗೆ ಕಮ್ಮಾರನ ಬೆರಳು. ಜೋಳದ ಗರಿಯ ಮೇಲೆ ಗೆರೆ ಎಳೆದರೆ ನಿಮ್ಮ ಹೆಸರು ಬರೆಯಬಹುದು. ದನಕ್ಕೆ ಹಾಕುವ ಮುಂಚೆ ಸೊಪ್ಪೆಯನ್ನು ಕಲ್ಲಿಗೆ ಬಡಿಯುತ್ತಾರೆ.

ಹುಡುಗರ ಪ್ರಯೋಗವೊಂದಿದೆ. ಹಳೆಯ ಸ್ಪೀಕರ್ ಒಡೆದು ತೆಗೆದ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಮಾಳಿಗೆಯ ಪುಡಿಯ ಮೇಲೆ ಆಡಿಸುವುದು. ಕಲ್ಲಿದ್ದಲಿನ ಮಸಿ ಅಲ್ಲೇ ಉಳಿಯುತ್ತದೆ. ಕಬ್ಬಿಣದ ಪುಡಿ ಮುಳ್ಳುಹಂದಿಯಂತೆ ಎದ್ದು ಕಾಗದಕ್ಕೆ ಅಂಟುತ್ತದೆ. ಕೆಮ್ಮಣ್ಣಿನಲ್ಲೂ ಅಯಸ್ಕಾಂತಕ್ಕೆ ಅಂಟುವ ಕಣ ಇರುವುದರಿಂದ ನ್ಯಾಯಾಲಯದಲ್ಲಿ ಇದು ನಿಲ್ಲಲಾರದು. ಆದರೂ ಕಾಗದ ಬಿಚ್ಚಿ ತೋರಿಸುವ ಹುಡುಗನ ಮುಖ ನೋಡಿದವರಿಗೆ ಬೇರೆ ಪುರಾವೆ ಕೇಳಲು ಮನಸ್ಸಾಗದು.

ಕಾರ್ಖಾನೆ ಮುಚ್ಚಲಿ ಎಂದು ಊರೆಲ್ಲ ಒಂದೇ ದನಿಯಲ್ಲಿ ಹೇಳುತ್ತದೆ ಎಂದುಕೊಂಡರೆ ತಪ್ಪು. ಗೇಟಿನೊಳಗೆ ಇದೇ ಓಣಿಯ ಹುಡುಗರಿದ್ದಾರೆ, ದೂರದ ಬಿಹಾರ, ಒಡಿಶಾದಿಂದ ಬಂದವರಿದ್ದಾರೆ. “ಅನ್ನ ಕೊಡಾದೂ ಅದೇ, ಕೆಮ್ಮು ಕೊಡಾದೂ ಅದೇ” ಎಂಬ ಮಾತು ಚಹದಂಗಡಿಯಲ್ಲಿ ಅರ್ಧ ನಗೆಯಲ್ಲಿ ಬರುತ್ತದೆ. ಬೇಡಿಕೆ ಸಣ್ಣದು: ಯಂತ್ರ ಇದೆಯಲ್ಲ, ರಾತ್ರಿಯೂ ನಡೆಸಿ. ಇಎಸ್‌ಪಿ ಕರೆಂಟು ತಿನ್ನುತ್ತದೆ, ಕತ್ತಲಾದ ಮೇಲೆ ಅದನ್ನು ಆರಿಸುತ್ತಾರೆ ಎಂಬ ದೂರು ಇಲ್ಲಿಯದಷ್ಟೇ ಅಲ್ಲ. ಛತ್ತೀಸಗಢದ ರಾಯಗಢದಲ್ಲಿ, ರಾಯಪುರ ಪಕ್ಕದ ಸಿಲ್ತರಾದಲ್ಲಿ, ಒಡಿಶಾದ ಸುಂದರಗಢದಲ್ಲಿ, ಸ್ಪಾಂಜ್ ಇರುವಲ್ಲೆಲ್ಲ ಕೇಳಿದ್ದೇ.

ದೂರು ಕೊಟ್ಟರೆ ಜೀಪು ಬರುತ್ತದೆ, ಹಗಲು. ಹಗಲಿನ ಚಿಮಣಿ ಸ್ನಾನ ಮಾಡಿ ವಿಭೂತಿ ಬಳಿದುಕೊಂಡ ಹಾಗೆ ನಿಂತಿರುತ್ತದೆ. ಮೊಬೈಲಿನಲ್ಲಿ ರಾತ್ರಿ ತೆಗೆದ ಚಿತ್ರ ತೋರಿಸಿದರೆ, ಕತ್ತಲೆಯ ಮೇಲೆ ಕತ್ತಲೆ, ಏನು ಕಂಡೀತು?

ಕಾನೂನು ಇಲ್ಲವೆಂದಲ್ಲ. ವಾಯು ಕಾಯ್ದೆ 1981ರದು. ಸ್ಪಾಂಜ್ ಕಾರ್ಖಾನೆಗಳಿಗೆಂದೇ 2008ರಲ್ಲಿ ಕೇಂದ್ರ ಸರ್ಕಾರ ಮಿತಿ ಗೊತ್ತುಪಡಿಸಿತು: ಕಲ್ಲಿದ್ದಲು ಉರಿಸುವ ಕಿಲ್ನಿನ ಚಿಮಣಿಯಿಂದ ಘನ ಮೀಟರಿಗೆ 100 ಮಿಲಿಗ್ರಾಂ ಮೀರಿ ದೂಳು ಹೊರಬೀಳಬಾರದು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರು: ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಬಳ್ಳಾರಿ ಇಲ್ಲ. ಅದು ನಗರಗಳ ಪಟ್ಟಿ, ಹಲಕುಂದಿ ಹಳ್ಳಿ; ಅದಕ್ಕೆ ಅಲ್ಲಿ ಕೂರಲು ಮಣೆಯೇ ಇಲ್ಲ.

ನನಗೆ ಹೆಚ್ಚು ಬೆಲೆಯದೆನಿಸಿದ್ದು ಯಾರೂ ಮಾತಾಡದ ಒಂದು ಸಣ್ಣ ನಿಯಮ. ಮಾಲಿನ್ಯ ತಡೆಯುವ ಯಂತ್ರಕ್ಕೆ ಪ್ರತ್ಯೇಕ ವಿದ್ಯುತ್ ಮೀಟರ್ ಇರಬೇಕು, ಅದು ನಿಂತರೆ ಯಾವಾಗ ನಿಂತಿತು, ಯಾಕೆ ನಿಂತಿತು ಎಂದು ಪುಸ್ತಕದಲ್ಲಿ ಬರೆಯಬೇಕು ಎಂದು ಸ್ಪಾಂಜ್ ಕಾರ್ಖಾನೆಗಳಿಗೆ ವಿಧಿಸಿದ್ದಾರೆ. ಹೊಗೆಯನ್ನು ಕತ್ತಲೆ ಮುಚ್ಚೀತು, ಮೀಟರನ್ನು ಮುಚ್ಚಲಾರದು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಅದು ಎಷ್ಟು ಯೂನಿಟ್ ಓಡಿತು ಎಂಬ ಒಂದು ಸಾಲು ಸಾಕು. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ. ಅರ್ಜಿಗೆ ಹತ್ತು ರೂಪಾಯಿ. ಚಿಮಣಿಯ ಲೆಕ್ಕ ತಾನಾಗಿ ಮಂಡಳಿಗೆ ತಲುಪುವಂತೆ ಯಂತ್ರ ಕೂರಿಸಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ 17 ಬಗೆಯ ಉದ್ಯಮಗಳಿಗೆ ಹೇಳಿತು. ಕಬ್ಬಿಣ-ಉಕ್ಕು ಅದರಲ್ಲಿ ಸೇರಿದೆ. ಆ ಅಂಕಿ ಪಂಚಾಯಿತಿ ಕಟ್ಟೆಯ ಫಲಕದ ಮೇಲೆ ಕನ್ನಡದಲ್ಲಿ ಬಂದರೆ ಅಜ್ಜಿ ತನ್ನ ಮೊರದ ಲೆಕ್ಕಕ್ಕೆ ತಾಳೆ ನೋಡಿಯಾಳು.

ಪಕ್ಕದ ಕೊಪ್ಪಳ ಬೇರೆ ದಾರಿ ಹಿಡಿಯಿತು. ನಗರದ ಮಗ್ಗುಲಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದು 2025ರ ಫೆಬ್ರುವರಿ 24ರಂದು ಅಂಗಡಿ ಮುಂಗಟ್ಟು ಮುಚ್ಚಿ ಜನ ಬೀದಿಗೆ ಬಂದರು, ಗವಿಮಠದ ಸ್ವಾಮೀಜಿ ಅವರ ಮುಂದಿದ್ದರು. ನಗರಕ್ಕೆ ಮಠವಿದೆ, ಮೈದಾನವಿದೆ, ಕ್ಯಾಮೆರಾ ಇದೆ. ಹಲಕುಂದಿಗೆ ಇರುವುದು ಮಾಳಿಗೆ.

ಕೊನೆಗೆ, ತಪಾಸಣೆಗೆ ಬರುವ ಅಧಿಕಾರಿಗಳಿಗೆ ಒಂದು ಮಾತು. ಮುಂದಿನ ಸಲ ಊಟ ಮುಗಿಸಿಕೊಂಡು ರಾತ್ರಿಯೇ ಬನ್ನಿ, ಹೇಳದೆ ಬನ್ನಿ. ಚಾಪೆ, ತಲೆದಿಂಬು ಊರವರು ಕೊಡುತ್ತಾರೆ. ಬಿಳಿ ಅಂಗಿ ಮಾತ್ರ ನಿಮ್ಮದೇ ಇರಲಿ.